ಗೈಡ್ಸ್ ಬಿಡುವ ಮುನ್ನ ಈ ಪತ್ರ ಓದು

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ನಿನ್ನ ಅಮ್ಮ ಫೋನು ಮಾಡಿದ್ದಳು. ಒಂಬತ್ತನೆಯ ತರಗತಿಗೆ ಬಂದಾಯಿತು, ಟ್ಯೂಷನ್ ಇದೆ, ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಗೈಡ್ಸ್ ದಳ ಬಿಡುತ್ತೇನೆ ಎಂದೆಯಂತೆ. ನಿನ್ನನ್ನು ಪ್ಯಾಟ್ರೋಲ್ ಲೀಡರ್, ಅಂದರೆ ಚಿಕ್ಕ ಗುಂಪಿನ ನಾಯಕಿ, ಮಾಡಿದ ವಾರವೇ ಈ ಮಾತು ಬಂದಿದೆ. ಏಳು ಹುಡುಗಿಯರ ಹೊಣೆ ಹೆಗಲಿಗೆ ಬಿತ್ತೆಂದು ಹೆದರಿದೆಯೇನೋ ಎಂದು ನನಗೆ ಅನಿಸಿತು.

ನಾನೂ ನಿನ್ನ ವಯಸ್ಸಿನಲ್ಲಿ ಹೆದರಿದ್ದೆ. ನನ್ನ ಮೊದಲ ಶಿಬಿರದಲ್ಲಿ ಡೇರೆಯ ಸುತ್ತ ನೀರು ಹರಿದುಹೋಗಲು ಕಾಲುವೆ ತೋಡಿಸುವ ಕೆಲಸ ನನ್ನದಾಗಿತ್ತು. ಆಕಾಶ ತಿಳಿಯಾಗಿದೆ, ನಾಳೆ ನೋಡೋಣ ಎಂದು ಬಿಟ್ಟೆ. ನಡುರಾತ್ರಿ ಮಳೆ ಸುರಿಯಿತು. ಗುಂಪಿನ ಅತಿ ಚಿಕ್ಕ ಹುಡುಗಿಯ ಹಾಸಿಗೆ ಪೂರ್ತಿ ನೆನೆಯಿತು. ಅವಳು ಅಳಲಿಲ್ಲ, ಮೊಣಕಾಲು ತಬ್ಬಿಕೊಂಡು ಬೆಳಗಿನವರೆಗೆ ಕುಳಿತಿದ್ದಳು. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ. ಬೆಳಿಗ್ಗೆ ನಮ್ಮ ದಳ ನಡೆಸುತ್ತಿದ್ದ ಗೈಡ್ ಕ್ಯಾಪ್ಟನ್ ಬೈಯಲಿಲ್ಲ. ನಾಯಕಿಯರ ಸಭೆಯಲ್ಲಿ ನಾನೇ ಎದ್ದು ನಡೆದದ್ದನ್ನು ಹೇಳಿದೆ, ಮಧ್ಯಾಹ್ನದೊಳಗೆ ನಾನೇ ಗುದ್ದಲಿ ಹಿಡಿದೆ. ಮರುರಾತ್ರಿಯೂ ಮಳೆ ಬಂತು. ನೀರು ಡೇರೆಯ ಪಕ್ಕದಲ್ಲೇ ಹರಿದುಹೋಯಿತು, ಆ ಹುಡುಗಿ ಬೆಚ್ಚಗೆ ಮಲಗಿದ್ದಳು.

ಪುಟ್ಟಿ, ಇದನ್ನು ಯಾವ ಟ್ಯೂಷನ್ನಿನಲ್ಲಿ ಕಲಿಸುತ್ತಾರೆ?

ನಿನ್ನ ಅಪ್ಪ ರೈಲ್ವೆ ಕೋಟಾದ ಮಾತು ಆಡಿದರಂತೆ. ಅದು ನಿಜ. ರಾಷ್ಟ್ರಪತಿ ಪ್ರಶಸ್ತಿಯವರೆಗೆ ಹೋಗಿ, ಸಂಸ್ಥೆಯಲ್ಲಿ ಸಕ್ರಿಯರಾಗಿ ಉಳಿದವರಿಗೆ ರೈಲ್ವೆ ನೇಮಕಾತಿಯಲ್ಲಿ ಪ್ರತ್ಯೇಕ ಅವಕಾಶವಿದೆ. ಆದರೆ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರುವಂತಿಲ್ಲ, ಒಂದೊಂದಕ್ಕೂ ತಿಂಗಳುಗಳು ಬೇಕು. ನೀನೀಗ ದ್ವಿತೀಯ ಮುಗಿಸಿದ್ದೀಯ. ಇಲ್ಲಿ ನಿಲ್ಲಿಸಿದರೆ ಮತ್ತೆ ಹಿಡಿಯುವುದು ಕಷ್ಟ. ಪ್ರಮಾಣಪತ್ರ ಎಣಿಸಿಕೊಂಡು ಬಂದವರು ಮಧ್ಯದಲ್ಲೇ ಸೋತು ಹೋಗುವುದನ್ನು ನಾನು ಬಹಳ ಕಂಡಿದ್ದೇನೆ. ಕೆಲಸದ ರುಚಿ ಹತ್ತಿದವರು ಉಳಿಯುತ್ತಾರೆ. ಕಾಲೇಜಿಗೆ ಹೋದ ಮೇಲೂ ರೇಂಜರ್ ಆಗಿ, ಅಂದರೆ ದೊಡ್ಡ ಹುಡುಗಿಯರ ವಿಭಾಗದಲ್ಲಿ, ಇಪ್ಪತ್ತೈದು ವಯಸ್ಸಿನವರೆಗೆ ಮುಂದುವರಿಯಬಹುದು. ಮಧ್ಯಪ್ರದೇಶದ ಪಚಮಢಿಯಲ್ಲಿ ಬೆಟ್ಟ ಹತ್ತುವ ಸಾಹಸ ಶಿಬಿರಗಳಿಗೂ ಹೋಗಬಹುದು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ದೇಶವಿದೇಶಗಳ ಸಾವಿರಾರು ಮಕ್ಕಳು ಒಂದೇ ಬಯಲಿನಲ್ಲಿ ಸೇರಿದ್ದರು. ಅಂಥ ಬಯಲಿನಲ್ಲಿ ನಿನ್ನನ್ನು ನೋಡುವ ಆಸೆ ನನಗಿದೆ.

ನಮ್ಮ ನಾಡಿಗೂ ಈ ಕೆಲಸಕ್ಕೂ ಹಳೆಯ ನಂಟು. ಭಾರತದಲ್ಲಿ ಸ್ಕೌಟಿಂಗ್ ಮೊದಲು ಶುರುವಾದದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಆಗ ಅದು ಬಿಳಿಯರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೂ ಬೇಕೆಂದು ಆನಿ ಬೆಸೆಂಟ್ ಅವರು 1917ರಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ಯಾರೋ ಹಟ ಹಿಡಿದು ತೆರೆಸಿದ ಬಾಗಿಲನ್ನು ನೀನಾಗಿ ಮುಚ್ಚಿಕೊಳ್ಳಬೇಡ.

ಇನ್ನು ಟ್ಯೂಷನ್. ವಾರದಲ್ಲಿ ಒಂದು ಸಂಜೆ ಗೈಡ್ಸ್‌ಗೆ ಬಿಡು ಎಂದು ಅಮ್ಮನಿಗೆ ನಾನೇ ಹೇಳಿದ್ದೇನೆ, ಒಪ್ಪಿದ್ದಾಳೆ. ಆದರೆ ಉಳಿದ ಸಂಜೆಗಳಲ್ಲಿ ಮೊಬೈಲ್ ದೂರವಿಟ್ಟು ಓದುವುದು ನಿನ್ನ ಪಾಲಿನ ಕೆಲಸ.

ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ನಡೆಯುವ ಶಿಬಿರಕ್ಕೆ ಹೋಗುವ ಮೊದಲು ಗಂಟುಗಳನ್ನು ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡು. ರೀಫ್ ನಾಟ್ ಒಂದೇ ದಪ್ಪದ ಹಗ್ಗಗಳನ್ನು ಕೂಡಿಸಲು, ದಪ್ಪ ಬೇರೆಯಾದರೆ ಷೀಟ್ ಬೆಂಡ್, ಗೊಂದಲ ಬೇಡ. ಬೋಲೈನ್ ಗಂಟನ್ನು ಚಿಕ್ಕ ಹುಡುಗಿಯರಿಗೆ ನೀನೇ ಕಲಿಸು. ಕಲಿಸುವಾಗ ನಿನ್ನ ಕೈಗೂ ಕೂರುತ್ತದೆ. ಡೇರೆಗೆ ಜಾಗ ಆರಿಸುವಾಗ ನೆಲದ ಇಳಿಜಾರು ನೋಡು. ರಾತ್ರಿ ಮಲಗುವ ಮುನ್ನ ಎಂಟು ತಲೆ ಎಣಿಸು, ನಿನ್ನದನ್ನು ಕೊನೆಗೆ.

ನನ್ನ ಹಳೆಯ ಹಗ್ಗವನ್ನು ಈ ಪತ್ರದ ಜೊತೆ ಕಳುಹಿಸಿದ್ದೇನೆ. ತುದಿ ಬಿಚ್ಚಿಕೊಂಡಿದೆ, ದಾರ ಸುತ್ತಿ ಕಟ್ಟಿಕೋ. ಶಿಬಿರದಿಂದ ಬಂದ ಮೇಲೆ ಆ ಚಿಕ್ಕ ಹುಡುಗಿಯರಲ್ಲಿ ಯಾರು ಹೇಗಿದ್ದರೆಂದು ನನಗೆ ಬರೆ.

ಇತಿ ನಿನ್ನ,
ದೊಡ್ಡಮ್ಮ