ಮೆಕ್ಕೆಜೋಳಕ್ಕೆ ಸಿಗುವ ತೂಕದ ಚೀಟಿ ಗುಜರಿಗೂ ಸಿಗಲಿ: ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ ನಮಸ್ಕಾರ.

ನಾನು 19 ವರ್ಷದಿಂದ ಈ ಊರಲ್ಲಿ ಗುಜರಿ ಆಯ್ದು, ಕೊಂಡು, ಮಾರಿ ಬದುಕುತ್ತಿದ್ದೇನೆ. ಅದಕ್ಕೂ ಮೊದಲು ಅಪ್ಪ ಇದೇ ಕೆಲಸ ಮಾಡುತ್ತಿದ್ದರು. ಅವರು ಇಲ್ಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿತು, ಅವರು ತಳ್ಳುಗಾಡಿ ಹಿಡಿದರು. ಈ ಪತ್ರದ ಮಾತು ನನ್ನದು. ಟೈಪ್ ಮಾಡಿದ್ದು, ಕಾನೂನು ಹುಡುಕಿ ಓದಿ ಹೇಳಿದ್ದು ನನ್ನ ಮಗಳು. ಅವಳು ಬಿ.ಕಾಂ. ಓದುತ್ತಿದ್ದಾಳೆ.

ಬೆಳಿಗ್ಗೆ ಐದಕ್ಕೆ ಹೊರಡುತ್ತೇನೆ. ಹಳೇ ಪಿ.ಬಿ. ರಸ್ತೆಯ ಗ್ಯಾರೇಜುಗಳು, ನಿಟ್ಟುವಳ್ಳಿ, ವಿದ್ಯಾನಗರದ ಮನೆಗಳು. ಮಿರ್ಚಿ ಅಂಗಡಿಗಳಲ್ಲಿ ಖಾಲಿ ಎಣ್ಣೆ ಡಬ್ಬ ಸಿಗುತ್ತವೆ. ಡಬ್ಬ ನೆಗ್ಗದೆ ಇದ್ದರೆ ಒಂದೊಂದಕ್ಕೆ ಇಷ್ಟು ಅಂತ ರೇಟು. ನೆಗ್ಗಿದರೆ ತಗಡು, ಕೆ.ಜಿ. ಲೆಕ್ಕ. ಜೇಬಲ್ಲಿ ಯಾವಾಗಲೂ ಒಂದು ಆಯಸ್ಕಾಂತ ಇರುತ್ತದೆ. ಅದು ಅಂಟಿದರೆ ಕಬ್ಬಿಣ. ಅಂಟದಿದ್ದರೆ ತಾಮ್ರವೋ ಹಿತ್ತಾಳೆಯೋ ಜರ್ಮನ್ನೋ ನೋಡಬೇಕು. ನಾವು ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಅಂತಲೇ ಅನ್ನುವುದು. ಕೆಲವು ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ, ಆಗ ಅರದಲ್ಲಿ ಒಂದು ಗೀರು ಹಾಕಿ ಬಣ್ಣ ನೋಡುತ್ತೇನೆ. ಬೀಡು ಕಬ್ಬಿಣವನ್ನು ಮುರಿದ ಜಾಗದಲ್ಲೇ ಗುರುತಿಸಬಹುದು, ಬೂದು ಬಣ್ಣ, ಕಾಳುಕಾಳು. ಹೋದ ವರ್ಷ ಒಂದು ವರ್ಕ್‌ಶಾಪಿನಲ್ಲಿ ಹರಿಹರದ ಕಿರ್ಲೋಸ್ಕರ್ ಲೇತಿನ ತುಂಡು ಸಿಕ್ಕಿತು. ಅದನ್ನು ಗಾಡಿಗೆ ಎತ್ತಲು ಮೂರು ಜನ ಬೇಕಾಯಿತು. ಇಡೀ ದೇಶಕ್ಕೆ ಯಂತ್ರ ಮಾಡಿಕೊಟ್ಟ ಕಾರ್ಖಾನೆ ಅದು ಅಂತ ಅಪ್ಪ ಹೇಳುತ್ತಿದ್ದರು. ಮಾರಲು ಮನಸ್ಸು ಬರಲಿಲ್ಲ, ಆದರೂ ಮಾರಿದೆ.

ಇಷ್ಟೆಲ್ಲ ಗುರುತಿಸಿ, ಬೇರೆ ಮಾಡಿ, ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಇಳಿಸುತ್ತೇನೆ. ಅಲ್ಲಿ ನನ್ನ ಜಾಣತನ ಎಲ್ಲ ಮುಗಿಯಿತು. ತಕ್ಕಡಿ ಅವರದು, ರೇಟು ಅವರದು. ಮಣ್ಣು ಇದೆ, ತುಕ್ಕು ಇದೆ ಅಂತ ಚೀಲಕ್ಕೆ ಒಂದೆರಡು ಕೆ.ಜಿ. ಕಳೆಯುತ್ತಾರೆ. ಕೈಗೆ ದುಡ್ಡು ಬರುತ್ತದೆ, ಕಾಗದ ಬರುವುದಿಲ್ಲ.

ಸುಮ್ನೆ ಅನುಮಾನ ಪಡಬಾರದು ಅಂತ ಒಂದು ಕೊಕ್ಕೆ ತಕ್ಕಡಿ ಕೊಂಡೆ. ಬೀದಿಯ ಕಿರಾಣಿ ಅಂಗಡಿಯಲ್ಲಿ ಮುದ್ರೆ ಹಾಕಿದ ತೂಕದ ಕಲ್ಲುಗಳಿವೆ. ಅವನ್ನು ನೇತುಹಾಕಿ ನೋಡಿದೆ, ಸರಿಯಾಗಿ ತೋರಿಸಿತು. ಮೊದಲ ದಿನವೇ ನನ್ನ ತಕ್ಕಡಿಯಲ್ಲಿ 23 ಕೆ.ಜಿ. ಬಂದ ಚೀಲ ಅಂಗಡಿಯಲ್ಲಿ ಇಪ್ಪತ್ತೂವರೆ ಆಯಿತು. ಆವತ್ತಿನಿಂದ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತಿದ್ದೇನೆ. ಎಡಗಡೆ ನನ್ನ ತೂಕ, ಬಲಗಡೆ ಅಂಗಡಿಯ ತೂಕ. ಹತ್ತು ತಿಂಗಳಿಗೆ ವ್ಯತ್ಯಾಸ 540 ಕೆ.ಜಿ. ಅರ್ಧ ಟನ್ನಿಗಿಂತ ಜಾಸ್ತಿ. ಅಷ್ಟನ್ನು ನಾನು ಹೊತ್ತಿದ್ದೇನೆ, ದುಡ್ಡು ಮಾತ್ರ ಬಂದಿಲ್ಲ.

ಬೇರೆ ಅಂಗಡಿಗೆ ಹೋಗಬಹುದಲ್ಲ ಅಂತ ನೀವು ಕೇಳಬಹುದು. ಹೆಂಡತಿಗೆ ಆಪರೇಷನ್ ಆದಾಗ ಮುಂಗಡ ಕೊಟ್ಟವರು ಆ ಅಂಗಡಿಯವರೇ. ಯಾವ ಬ್ಯಾಂಕೂ ಕೊಡದ ಸಾಲ ಅದು. ಆ ಉಪಕಾರ ನಾನು ಮರೆತಿಲ್ಲ. ಆದರೆ ಮುಂಗಡ ತೀರುವವರೆಗೆ ಮಾಲು ಅವರಿಗೇ ಹಾಕಬೇಕು. ತೂಕದ ಮಾತು ಎತ್ತುವ ಹಾಗಿಲ್ಲ. ನಮ್ಮಲ್ಲಿ ಬಹಳ ಜನರ ಕಥೆ ಇದೇ.

ಈಗ ನಮ್ಮ ಎಪಿಎಂಸಿಯನ್ನು ನೋಡಿ. ರೈತರು ಮೆಕ್ಕೆಜೋಳ ತಂದರೆ ತೂಕ ಆಗುತ್ತದೆ, ರೇಟು ಎಲ್ಲರಿಗೂ ಗೊತ್ತಾಗುತ್ತದೆ, ಕೈಗೆ ಚೀಟಿ ಬರುತ್ತದೆ. ಅಲ್ಲೂ ತಕರಾರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ತಕರಾರು ಮಾಡುವವರ ಕೈಯಲ್ಲಿ ಒಂದು ಕಾಗದ ಇರುತ್ತದೆ. ಅದೇ ಊರಿನಲ್ಲಿ ಅದೇ ದಿನ ಕಬ್ಬಿಣ ಮಾರಿದ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಆ ಕಾಗದ ಇಲ್ಲದ್ದಕ್ಕೆ ನಾನು ಇನ್ನೊಂದು ಕಡೆಯೂ ಬೆಲೆ ತೆತ್ತಿದ್ದೇನೆ. ಒಂದು ಸಂಜೆ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಆರು ಕೆ.ಜಿ. ತಾಮ್ರದ ವೈರ್ ಕೊಂಡು ಬರುತ್ತಿದ್ದೆ. ದಾರಿಯಲ್ಲಿ ತಡೆದರು. ಎಲ್ಲಿಂದ ಕದ್ದೆ ಅಂತ ಕೇಳಿ ಒಂದು ಠಾಣೆಯಲ್ಲಿ ರಾತ್ರಿ ಹತ್ತರವರೆಗೆ ಕೂರಿಸಿದರು. ರಿವೈಂಡಿಂಗ್ ಅಂಗಡಿಯವರು ಬಂದು ಹೇಳಿದ ಮೇಲೆ ಬಿಟ್ಟರು. ಮಗಳು ಠಾಣೆಯ ಗೇಟಿನ ಹತ್ತಿರ ನಿಂತಿದ್ದಳು. ಅವಳು ಆವತ್ತು ಏನೂ ಮಾತಾಡಲಿಲ್ಲ.

ಕಳ್ಳತನ ಇಲ್ಲ ಅಂತಲ್ಲ. ಹೊಲಗಳಲ್ಲಿ ಪಂಪ್‌ಸೆಟ್ ಕೇಬಲ್ ಕತ್ತರಿಸಿಕೊಂಡು ಹೋಗುತ್ತಾರೆ. ರೈತನಿಗೆ ಸಾವಿರಾರು ರೂಪಾಯಿ ಹೊಡೆತ, ಬೆಳೆ ಒಣಗುತ್ತದೆ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. ಆದರೆ ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಎಲ್ಲೂ ಬರೆದಿಲ್ಲದಿದ್ದರೆ ಹಿಡಿಯುವುದು ಹೇಗೆ? ಕೊನೆಗೆ ಬೀದಿಯಲ್ಲಿ ಕಣ್ಣಿಗೆ ಬೀಳುವುದು ಚೀಲ ಹೊತ್ತ ನಾವೇ. ಅಂಗಡಿಯಲ್ಲಿ ರಿಜಿಸ್ಟರ್ ಇದ್ದರೆ ಕಳ್ಳನಿಗೆ ಕಷ್ಟ, ನನಗೆ ನೆಮ್ಮದಿ. ಅಲ್ವಾ ಸರ್?

ನಮಗಿಂತ ಮೇಲಿನ ದೊಡ್ಡ ವ್ಯಾಪಾರಿಗಳಿಗೆ ಕಾಗದ ಬರೆಯಬೇಕು ಅನ್ನುವ ಕಾನೂನು ಆಗಲೇ ಇದೆ. 2024ರ ಅಕ್ಟೋಬರ್ 10ರಿಂದ, ಜಿ.ಎಸ್.ಟಿ. ನೋಂದಣಿ ಇರುವ ವ್ಯಾಪಾರಿ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ತೆರಿಗೆಯನ್ನು ಕೊಂಡವನೇ ಕಟ್ಟಬೇಕು, ಬಿಲ್ಲನ್ನೂ ತಾನೇ ಬರೆಯಬೇಕು. ಆದರೆ ನಾವು ನೇರವಾಗಿ ಮಾರುವುದು ಸಣ್ಣ ಅಂಗಡಿಗೆ. ಅಲ್ಲಿ ಆ ನೋಂದಣಿಯೇ ಇರುವುದಿಲ್ಲ. ಹಾಗಾಗಿ ಕಾಗದ ನಮ್ಮವರೆಗೆ ಇಳಿಯುವುದಿಲ್ಲ.

ಇಲ್ಲಿ ನೀವು ಬರುತ್ತೀರಿ. ಗುಜರಿ ಅಂಗಡಿಗೆ ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆ. ಆ ಪರವಾನಗಿಗೆ ಒಂದು ಷರತ್ತು ಸೇರಿಸಿ. ಮಾಲು ತಂದವರಿಗೆ ತೂಕ, ರೇಟು, ತಾರೀಖು ಬರೆದ ಚೀಟಿ ಕೊಡಬೇಕು, ಅದರ ನಕಲು ಅಂಗಡಿಯಲ್ಲಿ ಇರಬೇಕು, ಆ ದಿನದ ರೇಟು ಬೋರ್ಡಿನ ಮೇಲೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು ಅನ್ನುವ ನಿಯಮ ಇದ್ದೇ ಇದೆ. ತೂಕ, ಅಳತೆ ಪರೀಕ್ಷೆ ಮಾಡುವ ಕಾನೂನು ಮಾಪನ ಶಾಸ್ತ್ರ ಇಲಾಖೆಯವರನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ಬಂದರೆ ಬಹಳಷ್ಟು ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ. ಪಾಲಿಕೆಯ ಒಣಕಸ ಕೇಂದ್ರದಲ್ಲೂ ಯಾರು ಬೇಕಾದರೂ ತೂಗಿ ನೋಡಿಕೊಳ್ಳುವ ಒಂದು ತಕ್ಕಡಿ ಇಡಿಸಿ.

ಗುರುತಿನ ಚೀಟಿಯೂ ಬೇಕು. ಕಸ ಆಯುವವರನ್ನು ನಗರದ ಕಸ ನಿರ್ವಹಣೆಯ ಭಾಗ ಅಂತ ಒಪ್ಪಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವವರ ಸುರಕ್ಷತೆಗೆ ಅಂತ ಇರುವ ಕೇಂದ್ರದ ನಮಸ್ತೆ ಯೋಜನೆಗೆ 2024ರಲ್ಲಿ ನಮ್ಮನ್ನೂ ಸೇರಿಸಿದ್ದಾರೆ. ಅದರಲ್ಲಿ ಕೈಗವಸು, ಬೂಟು, ಆಯುಷ್ಮಾನ್ ಆರೋಗ್ಯ ರಕ್ಷಣೆ ಎಲ್ಲ ಇದೆ. ಬಾಷಾ ನಗರ, ಆಜಾದ್ ನಗರದ ಕಡೆ ವಾರ್ಡಿನಲ್ಲೇ ಕ್ಯಾಂಪ್ ಹಾಕಿ ಹೆಸರು ಬರೆದುಕೊಳ್ಳಿ. ಕಚೇರಿಗೆ ಬನ್ನಿ ಅಂದರೆ ಒಂದು ದಿನದ ದುಡಿಮೆ ಹೋಗುತ್ತದೆ ಅಂತ ನಮ್ಮವರು ಬರುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ತಪ್ಪೂ ಹೌದು. ತುಂಬಾ ವರ್ಷ ನಾನೂ ವೈರ್ ಸುಟ್ಟು ತಾಮ್ರ ತೆಗೆದಿದ್ದೇನೆ. ಮೇಲಿನ ಪ್ಲಾಸ್ಟಿಕ್ ಪಿ.ವಿ.ಸಿ. ಆಗಿರುತ್ತದೆ. ಸುಟ್ಟರೆ ಅದರ ಹೊಗೆಯಲ್ಲಿ ಆಮ್ಲವೂ ಡಯಾಕ್ಸಿನ್ ಅನ್ನುವ ವಿಷವೂ ಇರುತ್ತದೆ. ಆಗ ಗೊತ್ತಿರಲಿಲ್ಲ, ಗಂಟಲು ಉರಿಯುವುದಷ್ಟೇ ಗೊತ್ತಿತ್ತು. ಈಗ ಬ್ಲೇಡಿನಲ್ಲಿ ಸುಲಿಯುತ್ತೇನೆ. ಸುಟ್ಟ ತಾಮ್ರಕ್ಕಿಂತ ಸುಲಿದದ್ದಕ್ಕೆ ರೇಟೂ ಜಾಸ್ತಿ. ಆದರೆ ಹತ್ತು ಕೆ.ಜಿ. ಸುಲಿಯುವಷ್ಟರಲ್ಲಿ ಬೆರಳು ಕುಯ್ದುಕೊಳ್ಳುತ್ತವೆ. ಕೈಯಲ್ಲಿ ತಿರುಗಿಸುವ ಸುಲಿಯುವ ಯಂತ್ರ ಒಣಕಸ ಕೇಂದ್ರದಲ್ಲಿ ಒಂದು ಇದ್ದರೆ ಎಷ್ಟೋ ಬೆಂಕಿ ಆರುತ್ತದೆ.

ಇದಕ್ಕೆಲ್ಲ ಪಾಲಿಕೆ ಯಾಕೆ ಖರ್ಚು ಮಾಡಬೇಕು ಅಂದರೆ, ನಾವು ಆಯ್ದ ಪ್ರತಿ ಕೆ.ಜಿ. ನಿಮ್ಮ ಲಾರಿ ಹೊರುವ ಭಾರದಲ್ಲಿ ಕಡಿಮೆ. ಹೊಸದಾಗಿ ಅಲ್ಯೂಮಿನಿಯಂ ಮಾಡಲು ಬೇಕಾಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಐದು ಭಾಗ ಸಾಕು, ಹಳೆಯದನ್ನು ಕರಗಿಸಿ ಮತ್ತೆ ಮಾಡಲು. ನನ್ನ ಗಾಡಿಯ ಜರ್ಮನ್ ತಟ್ಟೆಗೆ ಅಷ್ಟು ಬೆಲೆ ಇದೆ ಅಂತ ಮಗಳು ಓದಿ ಹೇಳಿದಾಗ ನನಗೆ ಖುಷಿಯಾಯಿತು.

ನೋಟ್‌ಬುಕ್ಕಿನಲ್ಲಿ ಅಂಗಡಿಯ ಹೆಸರು ಬರೆದಿಲ್ಲ. ಒಬ್ಬರನ್ನು ಹಿಡಿದು ದಂಡ ಹಾಕಿ ಅಂತ ನಾನು ಕೇಳುತ್ತಿಲ್ಲ. ಹತ್ತು ತಿಂಗಳ ತೂಕ, ತಾರೀಖು ಸಮೇತ ಅದರಲ್ಲಿದೆ. ನೀವು ಯಾವ ದಿನ ಹೇಳುತ್ತೀರೋ ಆ ದಿನ ತಂದು ನಿಮ್ಮ ಟೇಬಲ್ಲಿನ ಮೇಲೆ ಇಡುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಆದರೆ ಒಳ್ಳೆಯದು, ಅಷ್ಟು ಹೊತ್ತಿಗೆ ಗಾಡಿ ಖಾಲಿಯಾಗಿರುತ್ತದೆ.

ಇಂತಿ,
ದಾವಣಗೆರೆಯ ಒಬ್ಬ ಗುಜರಿ ವ್ಯಾಪಾರಿ