ಸ್ಟ್ರೆಪ್ಟೊಮೈಸಿನ್: ಬಿಟ್ಟುಹೋದ ಹೆಸರುಗಳು

ಮಾನ್ಯ ಸಂಪಾದಕರೇ,

ಕ್ಷಯರೋಗದ ಚಿಕಿತ್ಸೆ ಬೆಳೆದುಬಂದ ಬಗೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ, ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದವರು ಸೆಲ್ಮನ್ ವಾಕ್ಸ್‌ಮನ್ ಎಂದಷ್ಟೇ ಇದೆ. ಜೀವಶಾಸ್ತ್ರದ ಅಧ್ಯಾಪಕಿಯಾಗಿ ನಾನೂ ಬಹುಕಾಲ ವಿದ್ಯಾರ್ಥಿಗಳಿಗೆ ಇದೇ ವಾಕ್ಯವನ್ನು ಬರೆಸಿದ್ದೇನೆ. ಸೀಸೆಯಲ್ಲಿನ ಬಿಳಿ ಪುಡಿಗೆ ನೀರು ಬೆರೆಸಿ, ಕುಲುಕಿ, ಸೊಂಟಕ್ಕೆ ಚುಚ್ಚುತ್ತಿದ್ದ ಆ ಮದ್ದಿನಿಂದಲೇ ನನ್ನ ತಂದೆಯವರು ಬದುಕುಳಿದದ್ದರಿಂದ, ಅದರ ಚರಿತ್ರೆ ಸರಿಯಾಗಿ ದಾಖಲಾಗಬೇಕೆಂಬ ಆಸೆ ನನ್ನದು.

1943ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ವಾಕ್ಸ್‌ಮನ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಆಲ್ಬರ್ಟ್ ಶಾಟ್ಸ್ ಅವರಿಗೆ ಆಗ 23 ವರ್ಷ. ಕ್ಷಯದ ರೋಗಾಣುಗಳೊಡನೆ ಕೆಲಸ ಮಾಡುವುದು ಅಪಾಯವಾದ್ದರಿಂದ ಅವರ ಪ್ರಯೋಗವೆಲ್ಲ ಕಟ್ಟಡದ ನೆಲಮಾಳಿಗೆಯಲ್ಲಿ ನಡೆಯಿತು. ಆ ವರ್ಷದ ಅಕ್ಟೋಬರ್ 19ರಂದು, ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ಒಂದು, ಕೋಳಿಯ ಗಂಟಲಿನಿಂದ ತೆಗೆದ ಮಾದರಿಯಿಂದ ಇನ್ನೊಂದು, ಹೀಗೆ ಈ ಮದ್ದನ್ನು ಉತ್ಪಾದಿಸುವ ಒಂದೇ ಸೂಕ್ಷ್ಮಜೀವಿಯ ಎರಡು ತಳಿಗಳು ಅವರ ಕೈಗೆ ಸಿಕ್ಕಿದವು. ಮದ್ದನ್ನು ಬೇರ್ಪಡಿಸಲು ಹಗಲುರಾತ್ರಿ ಬಟ್ಟಿ ಇಳಿಸುತ್ತಿದ್ದಾಗ, ಗಾಜಿನ ಪಾತ್ರೆಯ ಮೇಲೆ ಕೆಂಪು ಗೆರೆ ಎಳೆದು, ದ್ರವ ಅದಕ್ಕಿಂತ ಕೆಳಗಿಳಿದರೆ ತನ್ನನ್ನು ಎಬ್ಬಿಸಬೇಕೆಂದು ರಾತ್ರಿ ಕಾವಲುಗಾರನಿಗೆ ಹೇಳಿ, ಅಲ್ಲೇ ಮಲಗುತ್ತಿದ್ದುದಾಗಿ ಶಾಟ್ಸ್ ಬರೆದುಕೊಂಡಿದ್ದಾರೆ.

1944ರ ಜನವರಿಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಶಾಟ್ಸ್ ಅವರದೇ ಮೊದಲ ಹೆಸರು. ಬಳಿಕ ಅದೇ ಪ್ರಯೋಗಾಲಯದ ಸಂಶೋಧಕಿ ಎಲಿಜಬೆತ್ ಬ್ಯೂಗಿ, ಕೊನೆಗೆ ವಾಕ್ಸ್‌ಮನ್. ಮದ್ದಿನ ಪೇಟೆಂಟ್‌ನಲ್ಲಿ ಶಾಟ್ಸ್, ವಾಕ್ಸ್‌ಮನ್ ಇಬ್ಬರೇ ಇದ್ದಾರೆ, ಬ್ಯೂಗಿ ಇಲ್ಲ. ಶಾಟ್ಸ್ ತಮ್ಮ ಹಕ್ಕನ್ನು ಒಂದು ಡಾಲರ್‌ಗೆ ರಟ್ಗರ್ಸ್‌ನ ಪ್ರತಿಷ್ಠಾನಕ್ಕೆ ಬರೆದುಕೊಟ್ಟರು. ಮದ್ದು ಎಲ್ಲರಿಗೂ ಅಗ್ಗದಲ್ಲಿ ಸಿಗಲೆಂದು ತಾವಿಬ್ಬರೂ ಲಾಭ ಬಿಟ್ಟಿದ್ದೇವೆಂದೇ ಅವರು ನಂಬಿದ್ದರು. ಗುರುಗಳಿಗೆ ರಾಯಲ್ಟಿಯಲ್ಲಿ ಪಾಲು ಸಲ್ಲುತ್ತಿದೆಯೆಂದು ತಿಳಿದ ಮೇಲೆ 1950ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷದ ಕೊನೆಗೆ ಆದ ರಾಜಿಯಲ್ಲಿ ಅವರನ್ನು ಸಹಸಂಶೋಧಕರೆಂದು ಕಾನೂನು ಪ್ರಕಾರ ಒಪ್ಪಿಕೊಳ್ಳಲಾಯಿತು, ರಾಯಲ್ಟಿಯಲ್ಲಿ ಶೇ 3ರಷ್ಟು ಪಾಲೂ ದೊರೆಯಿತು. ಇಷ್ಟಾದ ಮೇಲೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಒಂದು ಪ್ರಶಸ್ತಿಯನ್ನು ಮೂವರವರೆಗೆ ಹಂಚಲು ಅವಕಾಶವಿದ್ದೂ ಹೀಗಾದದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ವಾಕ್ಸ್‌ಮನ್ ಅವರ ಪಾತ್ರ ಚಿಕ್ಕದೆಂದು ನಾನು ಹೇಳುತ್ತಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿ, ಅವುಗಳಲ್ಲಿ ಮದ್ದು ಹುಡುಕುವ ಕ್ರಮಬದ್ಧ ವಿಧಾನವನ್ನು ರೂಪಿಸಿದವರು ಅವರೇ; ಆ ವಿಧಾನವಿಲ್ಲದೆ ಶಿಷ್ಯನಿಗೆ ಆ ತಳಿ ಸಿಗುತ್ತಿತ್ತೆಂದು ಹೇಳಲಾಗದು. ಆದರೆ ದಾರಿ ತೋರಿದವರ ಹೆಸರಿನ ಜೊತೆಗೆ ಕೈಯಾರೆ ಹುಡುಕಿದವರ ಹೆಸರೂ ಇರಬೇಕಲ್ಲವೇ? ರಟ್ಗರ್ಸ್ ಕೂಡ 1994ರಲ್ಲಿ ಶಾಟ್ಸ್ ಅವರಿಗೆ ತನ್ನ ಪದಕವನ್ನಿತ್ತು ಗೌರವಿಸಿತು. ಬ್ಯೂಗಿ ಅವರ ಹೆಸರಂತೂ ನಮ್ಮಲ್ಲಿ ಕೇಳಿಬರುವುದೇ ಅಪರೂಪ.

ಆದ್ದರಿಂದ ಈ ವಿಷಯ ಮುಂದೆ ಪ್ರಕಟವಾಗುವಾಗಲೆಲ್ಲ 1944ರ ಪ್ರಬಂಧದಲ್ಲಿರುವ ಮೂರು ಹೆಸರುಗಳನ್ನೂ ಅದೇ ಕ್ರಮದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ. ಪಠ್ಯಪುಸ್ತಕ ಬರೆಯುವವರೂ ಇದನ್ನು ಗಮನಿಸಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ, ಹಾಸನ