ಅಪ್ಪಯ್ಯನ ಬೆಳಗಿನ ತಿರುಗಾಟ

ಮಿನಿಯಾಪೊಲಿಸ್, ಅಮೆರಿಕ
24 ಮಾರ್ಚ್ 2024, ಭಾನುವಾರ

ತೀರ್ಥರೂಪ ಅಪ್ಪಯ್ಯನವರಿಗೆ ಮತ್ತು ಆಯಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಚಳಿಗಾಲವಿಡೀ ಸರಿಯಾಗಿ ಮುಖ ತೋರಿಸದಿದ್ದ ಹಿಮ ಈಗ, ಯುಗಾದಿ ಹತ್ತಿರ ಬಂದ ಮೇಲೆ, ಸುರಿಯುತ್ತಿದೆ. ಮಗಳು ಕಿಟಕಿಗೆ ಅಂಟಿಕೊಂಡು ಕುಳಿತಿದ್ದಾಳೆ. ಅಜ್ಜ ಬರುವವರೆಗೆ ಇದು ಉಳಿದಿರುತ್ತದೆಯೇ ಎಂದು ಬೆಳಗಿನಿಂದ ಹತ್ತು ಸಲ ಕೇಳಿದಳು. ಉಳಿಯುವುದಿಲ್ಲ. ಮೇ 7ಕ್ಕೆ ವೋಟು ಹಾಕಿ ನೀವು ಹೊರಡುವ ಹೊತ್ತಿಗೆ ಇಲ್ಲಿ ಮರಗಳೆಲ್ಲ ಚಿಗುರಿರುತ್ತವೆ.

ದಿನವೂ ಫೋನಿನಲ್ಲಿ ಸಿಗುವವನು ಪತ್ರ ಯಾಕೆ ಬರೆದ ಎಂದು ಆಯಿಗೆ ಗಾಬರಿ ಬೇಡ. ಕಳೆದ ವಾರ ನಾನು ಬೆಳಗಿನ ತಿರುಗಾಟದ ವಿಷಯ ತೆಗೆದಾಗ ಅಪ್ಪಯ್ಯ ನಕ್ಕುಬಿಟ್ಟಿರಿ. “ತಪ್ಪು ಮಾಡದವನಿಗೆ ಪೊಲೀಸರ ಭಯವೇಕೋ?” ಎಂದಿರಿ. ಮರುಕ್ಷಣವೇ ಮಾತು ಚಾಲಿ ಅಡಿಕೆಯ ದರಕ್ಕೆ ಹೊರಳಿತು. ಪತ್ರದಲ್ಲಾದರೆ ನೀವು ಮಾತು ತಿರುಗಿಸುವ ಹಾಗಿಲ್ಲ. ಪಾಠ ಪೂರ್ತಿ ಓದಿದ ಮೇಲೆಯೇ ಪ್ರಶ್ನೆ ಕೇಳಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಮಾಸ್ತರು ನೀವು.

ನಿಮ್ಮ ತಿರುಗಾಟ ನನಗೆ ಗೊತ್ತಿಲ್ಲದ್ದೇ? ಐದೂವರೆಗೆ ಎದ್ದು, ಮಂಕಿ ಕ್ಯಾಪ್ ಹಾಕಿ, ಶಾಲು ಹೊದ್ದು, ಆ ಉದ್ದನೆಯ ಉಕ್ಕಿನ ಟಾರ್ಚು ಹಿಡಿದು ಹೊರಟರೆ ಯಾರ ಮನೆಯ ಗಿಡವನ್ನೂ ಮಾತಾಡಿಸದೆ ಬರುವವರಲ್ಲ. ಬೇಲಿಯ ದಣಪೆ ದಾಟಿ ಹೋಗಿ ಎಲೆ ಮಗುಚಿ ನೋಡಬೇಕು, ಹುಳ ಬಿದ್ದಿದೆಯೇ ಎಂದು ಬುಡ ಕೆದಕಬೇಕು. ಊರಿನಲ್ಲಿ ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಒಳಗೆ ಕರೆದು ಚಹಾ ಕೊಡುತ್ತಾರೆ. ಇಲ್ಲಿ ಮನೆಗಳ ಮುಂದೆ ಬೇಲಿಯೂ ಇಲ್ಲ, ದಣಪೆಯೂ ಇಲ್ಲ. ರಸ್ತೆಯ ಅಂಚಿನಿಂದಲೇ ಹುಲ್ಲುಹಾಸು. ಎಲ್ಲಿ ದಾರಿ ಮುಗಿದು ಎಲ್ಲಿ ಅಂಗಳ ಶುರುವಾಯಿತು ಎಂಬುದು ಕಿಟಕಿಯ ಪರದೆಯ ಹಿಂದೆ ನಿಂತವರಿಗೆ ಮಾತ್ರ ಗೊತ್ತಿರುತ್ತದೆ.

2015ರ ಫೆಬ್ರುವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು. ಗುಜರಾತಿನ ಒಬ್ಬ ಕೃಷಿಕರು, 57 ವರ್ಷ, ಮೊಮ್ಮಗನನ್ನು ನೋಡಿಕೊಳ್ಳಲು ಮಗನ ಮನೆಗೆ ಬಂದಿದ್ದರು. ಬಂದು ಕೆಲವೇ ದಿನಗಳಾಗಿದ್ದವು. ಬೆಳಿಗ್ಗೆ ಬೀದಿಯಲ್ಲಿ ನಡೆಯುತ್ತಿದ್ದರು, ಅಷ್ಟೇ. ನೆರೆಯವನೊಬ್ಬ ಪೊಲೀಸರಿಗೆ ಫೋನ್ ಮಾಡಿದ: ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ, ಹಿಂದೆ ಕಂಡವನಲ್ಲ, ಹೆಂಡತಿಯನ್ನು ಒಬ್ಬಳೇ ಬಿಟ್ಟುಹೋಗಲು ಭಯವಾಗುತ್ತದೆ ಎಂದು. ಪೊಲೀಸರು ಬಂದರು. ಆ ಕೃಷಿಕರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. “ನೋ ಇಂಗ್ಲಿಷ್”, “ಇಂಡಿಯಾ” ಎಂದರು, ಮಗನ ಮನೆಯ ಕಡೆ ಕೈ ತೋರಿಸಿದರು. ಒಬ್ಬ ಪೊಲೀಸ್ ಅವರ ಕೈಗಳನ್ನು ಹಿಂದಕ್ಕೆ ಹಿಡಿದು ಮುಖ ಅಡಿಯಾಗಿ ನೆಲಕ್ಕೆ ಕೆಡವಿದ. ಕುತ್ತಿಗೆಯ ಮೂಳೆಗೆ ಏಟು ಬಿದ್ದು ದೇಹ ಭಾಗಶಃ ಸ್ವಾಧೀನ ತಪ್ಪಿತು. ಇದೆಲ್ಲ ಪೊಲೀಸ್ ಕಾರಿನ ಕ್ಯಾಮೆರಾದಲ್ಲೇ ದಾಖಲಾಗಿದೆ. ರಾಜ್ಯಪಾಲರು ಭಾರತದ ಕ್ಷಮೆ ಕೇಳಿದರು. ಪೊಲೀಸನ ಮೇಲಿನ ವಿಚಾರಣೆ ಎರಡು ಸಲ ನಡೆಯಿತು, ಎರಡೂ ಸಲ ಜ್ಯೂರಿಯವರಲ್ಲಿ ಒಮ್ಮತ ಬರಲಿಲ್ಲ, ಕೊನೆಗೆ 2016ರಲ್ಲಿ ನ್ಯಾಯಾಧೀಶರು ಅವನನ್ನು ಖುಲಾಸೆ ಮಾಡಿದರು.

ಆಗ ನಾವು ಇಲ್ಲಿನ ಭಾರತೀಯರೆಲ್ಲ ಕೊತಕೊತ ಕುದಿದೆವು. ನಾನೂ ಕುದಿದೆ. ಆದರೆ ಆ ದಿನಗಳಲ್ಲಿ ನಮ್ಮ ಬಾಯಿಂದ ಬಂದ ಮಾತು ಯಾವುದು ಎಂದು ಈಗ ನೆನೆಸಿಕೊಂಡರೆ ಮುಖ ಸಣ್ಣದಾಗುತ್ತದೆ. “ಛೆ, ಅವರು ಕರಿಯರಲ್ಲವಲ್ಲ, ನಮ್ಮವರಲ್ಲವೇ!” ಎಂದಿದ್ದೆವು. ಕರಿಯನಾಗಿದ್ದರೆ ಕೆಡವಬಹುದಿತ್ತು ಎಂಬುದನ್ನು ಬಿಡಿಸಿ ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಎದುರು ಮನೆಯವರ ಬಗ್ಗೆ ಹೇಳಿದ್ದೆನಲ್ಲ, ಸಿಟಿ ಬಸ್ಸಿನ ಚಾಲಕರಾಗಿ ನಿವೃತ್ತರಾದವರು, ಆಯಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಕಣ್ಣೀರು ಸುರಿಸಿದವರು. ಅವರು ಕಪ್ಪು ಜನ. ಹತ್ತೊಂಬತ್ತು ವರ್ಷದ ಮಗನಿದ್ದಾನೆ. ಹೋದ ತಿಂಗಳು ಅವರು ಅಂಗಳದಲ್ಲಿ ಕಾರು ತೊಳೆಯುತ್ತಿದ್ದಾಗ ನಿಮ್ಮ ತಿರುಗಾಟದ ಚಿಂತೆಯನ್ನು ಅವರ ಮುಂದೆ ತೋಡಿಕೊಂಡೆ. ಯಾರಾದರೂ ತಡೆದರೆ ‘ನಾನು ಇಂಡಿಯನ್’ ಎಂದು ಹೇಳಲು ಅಪ್ಪನಿಗೆ ಕಲಿಸುತ್ತೇನೆ ಎಂದೆ. ಅವರು “ಒಳ್ಳೆಯ ಉಪಾಯ” ಎಂದು ಪೈಪನ್ನು ಇನ್ನೊಂದು ಚಕ್ರಕ್ಕೆ ತಿರುಗಿಸಿದರು. ಬೇಸರವೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ನನಗೆ ಹೊಳೆಯಿತು: ಅವರ ಮಗ ಏನೆಂದು ಹೇಳಬೇಕು? ಅವನ ಅಜ್ಜ, ಮುತ್ತಜ್ಜ, ಅದಕ್ಕೂ ಹಿಂದಿನವರು ಎಲ್ಲರೂ ಈ ಮಣ್ಣಿನವರೇ. ನಾವು ಬಂದು ಹದಿನೈದು ವರ್ಷ. ತಪ್ಪಿಸಿಕೊಳ್ಳಲು ನಮಗೊಂದು ದೇಶದ ಹೆಸರಿದೆ. ಅವನಿಗೆ ಇರುವುದೂ ಇದೇ ದೇಶ, ಅವನನ್ನು ತಡೆಯುವುದೂ ಇದೇ ದೇಶ.

ಆ ಮಗನಿಗೆ ಅವರು ಕಲಿಸಿದ್ದು ಬೇರೆ ಪಾಠ. ಇಲ್ಲಿನ ಕಪ್ಪು ಮನೆಗಳಲ್ಲಿ ‘ಆ ಮಾತು’ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟಿಯರಿಂಗ್ ಮೇಲೆ ಕಾಣುವಂತಿರಬೇಕು. ಕಾಗದಪತ್ರ ಎಲ್ಲೋ ಒಳಗಿನ ಪೆಟ್ಟಿಗೆಯಲ್ಲಿರಬಾರದು, ಕಣ್ಣೆದುರೇ ಸಿಕ್ಕಿಸಿರಬೇಕು. ಜೇಬಿಗೆ ಕೈ ಹಾಕುವ ಮೊದಲು ‘ಹಾಕುತ್ತಿದ್ದೇನೆ’ ಎಂದು ಹೇಳಬೇಕು. ದನಿ ಏರಿಸಬಾರದು, ನಿನ್ನದೇ ಸರಿ ಇದ್ದರೂ. ಇಷ್ಟನ್ನು ಹೇಳಿದಾಗ ಹುಡುಗನಿಗೆ ಹನ್ನೆರಡು ವರ್ಷವಂತೆ. ಆ ವಯಸ್ಸಿನಲ್ಲಿ ನೀವು ನನಗೆ ಸಂಧ್ಯಾವಂದನೆ ಕಲಿಸುತ್ತಿದ್ದಿರಿ.

ತಪ್ಪು ಮಾಡದವನಿಗೆ ಭಯವೇಕೆ ಎಂದಿರಲ್ಲ. ಇಲ್ಲಿಂದ ಅರ್ಧ ತಾಸಿನ ದಾರಿ, ಪಕ್ಕದ ಸೇಂಟ್ ಪಾಲ್ ನಗರದ ಒಂದು ಶಾಲೆಯ ಅಡುಗೆಮನೆಯ ಮೇಲ್ವಿಚಾರಕ ಫಿಲಾಂಡೊ ಕ್ಯಾಸ್ಟಿಲ್. ನಿಮ್ಮ ಶಾಲೆಯ ಬಿಸಿಯೂಟದ ಅಕ್ಕನ ಹಾಗೆ, ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. 2016ರ ಜುಲೈ 6ರ ಸಂಜೆ ಪೊಲೀಸನೊಬ್ಬ ಅವನ ಕಾರು ನಿಲ್ಲಿಸಿದ. ದರೋಡೆಯ ಶಂಕಿತನ ಹಾಗೆ ಕಾಣುತ್ತಾನೆ, ಮೂಗು ಅಗಲವಾಗಿದೆ ಎಂದು ಅದಕ್ಕೆ ಮೊದಲು ವೈರ್‌ಲೆಸ್‌ನಲ್ಲಿ ಹೇಳಿದ್ದ. ಮೂಗು, ಅಪ್ಪಯ್ಯ! ಕ್ಯಾಸ್ಟಿಲ್ ಬಳಿ ಪರವಾನಗಿ ಇದ್ದ ಬಂದೂಕಿತ್ತು. ಅದನ್ನು ಮುಚ್ಚಿಡದೆ, ಸರ್ ಎಂದು ಸಂಬೋಧಿಸಿ, ತಾನೇ ಹೇಳಿದ. ಪೊಲೀಸ್ ಏಳು ಗುಂಡು ಹಾರಿಸಿದ. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗಳು. ಮರುವರ್ಷ ಜ್ಯೂರಿ ಆ ಪೊಲೀಸನನ್ನು ನಿರ್ದೋಷಿ ಎಂದಿತು. ಆಮೇಲೆ ಕಡತ ತೆಗೆದು ನೋಡಿದರೆ, ಕ್ಯಾಸ್ಟಿಲ್‌ನ ಕಾರನ್ನು ಅದಕ್ಕೆ ಮೊದಲು ನಲವತ್ತಕ್ಕೂ ಹೆಚ್ಚು ಸಲ ಪೊಲೀಸರು ನಿಲ್ಲಿಸಿದ್ದರು, ಹೆಚ್ಚಾಗಿ ಸಣ್ಣಪುಟ್ಟ ಕಾರಣಗಳಿಗೆ.

ಹದಿನೈದು ವರ್ಷಗಳಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದೇ ಸಲ, ಅದೂ ಶಾಲೆಯ ಮುಂದೆ ವೇಗವಾಗಿ ಹೋಗಿದ್ದಕ್ಕೆ. ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ಕಾರಿನ ಕನ್ನಡಿಗೆ ಆಯಿ ಕೊಟ್ಟ ಇಡಗುಂಜಿ ಗಣಪತಿ ತೂಗುತ್ತಿತ್ತು. 2021ರ ಏಪ್ರಿಲ್‌ನಲ್ಲಿ ನಮ್ಮ ಉತ್ತರಕ್ಕಿರುವ ಬ್ರೂಕ್ಲಿನ್ ಸೆಂಟರ್‌ನಲ್ಲಿ ಡಾಂಟೆ ರೈಟ್ ಎಂಬ ಇಪ್ಪತ್ತು ವರ್ಷದ ಹುಡುಗನ ಕನ್ನಡಿಗೂ ಏನೋ ತೂಗುತ್ತಿತ್ತು, ಕಾರಿಗೆ ಸುವಾಸನೆ ಬರಲೆಂದು ಹಾಕುವ ಬಿಲ್ಲೆ. ನೋಂದಣಿಯ ಅವಧಿಯೂ ಮುಗಿದಿತ್ತು. ಕಾರು ನಿಲ್ಲಿಸಿದರು. ಅವನ ಮೇಲೊಂದು ಬಂಧನ ವಾರಂಟ್ ಇರುವುದು ತಿಳಿಯಿತು. ಹಿಡಿಯಲು ಹೋದಾಗ ಹುಡುಗ ಕೊಸರಿಕೊಂಡು ಕಾರಿನೊಳಗೆ ಕೂತ. ವಿದ್ಯುತ್ ಆಘಾತ ಕೊಡುವ ಟೇಸರ್ ಎಂದುಕೊಂಡು ಪೊಲೀಸ್ ಅಧಿಕಾರಿಣಿ ಪಿಸ್ತೂಲಿನಿಂದ ಹೊಡೆದಳು. ಆಕೆಗೆ ಎರಡು ವರ್ಷ ಶಿಕ್ಷೆಯಾಯಿತು. ಗಣಪತಿಯನ್ನು ನಾನು ಇನ್ನೂ ತೆಗೆದಿಲ್ಲ. ತೆಗೆಯಬೇಕಾದ ಅಗತ್ಯ ನನಗೆ ಬೀಳುವುದಿಲ್ಲ ಎಂಬುದು ಗೊತ್ತಾದಂದಿನಿಂದ ಅದನ್ನು ನೋಡಿದಾಗಲೆಲ್ಲ ಕೈಮುಗಿಯುವ ಮೊದಲು ಆ ಹುಡುಗ ನೆನಪಾಗುತ್ತಾನೆ.

ಬಂದೂಕು ಇಷ್ಟು ಸಲೀಸಾಗಿ ಸಿಗುವ ದೇಶದಲ್ಲಿ ಪೊಲೀಸರಿಗೂ ಜೀವಭಯ ಇರುತ್ತದೆ, ಒಪ್ಪುತ್ತೇನೆ. ನೀವು ಗಣಿತದ ಮಾಸ್ತರು, ಲೆಕ್ಕವನ್ನೇ ಕೊಡುತ್ತೇನೆ. ಇಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಸುಮಾರು ಸಾವಿರ ಜನ ಸಾಯುತ್ತಾರೆ. ಒಟ್ಟು ಸಂಖ್ಯೆಯಲ್ಲಿ ಬಿಳಿಯರೇ ಹೆಚ್ಚು. ಆದರೆ ಜನಸಂಖ್ಯೆಯಿಂದ ಭಾಗಿಸಿ ನೋಡಿದರೆ ಕಪ್ಪು ಜನರ ಪ್ರಮಾಣ ಬಿಳಿಯರದರ ಎರಡು ಪಟ್ಟಿಗೂ ಮೇಲೆ.

ಜಾರ್ಜ್ ಫ್ಲಾಯ್ಡ್‌ನ ಸುದ್ದಿಯನ್ನು ನೀವು 2020ರಲ್ಲಿ ಟಿವಿಯಲ್ಲಿ ನೋಡಿ ಫೋನ್ ಮಾಡಿದ್ದಿರಿ. ಅದು ನಡೆದದ್ದು ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದೂರದಲ್ಲಿ, 38ನೇ ರಸ್ತೆ ಮತ್ತು ಚಿಕಾಗೋ ಅವೆನ್ಯೂ ಕೂಡುವಲ್ಲಿ. ಇಪ್ಪತ್ತು ಡಾಲರಿನ ಖೋಟಾ ನೋಟು ಕೊಟ್ಟನೆಂಬ ದೂರು. ಸಂತೆಯಲ್ಲಿ ಅಂಥ ನೋಟು ನಿಮ್ಮ ಕೈಗೂ ಒಮ್ಮೆ ಬಂದು, ಎರಡು ದಿನ ಎಲ್ಲರನ್ನೂ ಬೈದುಕೊಂಡು ಓಡಾಡಿದ್ದಿರಿ. ಅವನ ಕುತ್ತಿಗೆಯ ಮೇಲೆ ಮಂಡಿ ಇದ್ದದ್ದು ಒಂಬತ್ತು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು. ಪೊಲೀಸರ ಮೊದಲ ಪ್ರಕಟಣೆಯಲ್ಲಿ ಮಂಡಿಯ ಮಾತೇ ಇರಲಿಲ್ಲ. ವೈದ್ಯಕೀಯ ತೊಂದರೆಯಿಂದ ವ್ಯಕ್ತಿ ಸತ್ತ ಎಂದಿತ್ತು. ಹದಿನೇಳರ ಹುಡುಗಿಯೊಬ್ಬಳು ಮೊಬೈಲ್ ಎತ್ತಿ ಹಿಡಿಯದಿದ್ದರೆ ಅದೇ ಸತ್ಯವಾಗಿ ಉಳಿದುಬಿಡುತ್ತಿತ್ತೋ ಏನೋ. ಮಂಡಿಯೂರಿದವನಿಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಆದರೆ ಆ ವಿಡಿಯೊದಲ್ಲಿ ನನ್ನ ಕಣ್ಣು ಹೋಗಿ ಹೋಗಿ ನಿಲ್ಲುವುದು ಇನ್ನೊಬ್ಬ ಪೊಲೀಸನ ಮೇಲೆ. ಅವನು ನಮ್ಮ ಹಾಗೆ ಏಷ್ಯಾ ಮೂಲದವನು, ಮೋಂಗ್ ಸಮುದಾಯದವನು. ಸಾಯುತ್ತಿರುವವನಿಗೆ ಬೆನ್ನು ಹಾಕಿ, ಜನರು ಹತ್ತಿರ ಬರದ ಹಾಗೆ ತಡೆಯುತ್ತಾ ನಿಂತಿದ್ದಾನೆ.

ಇನ್ನೊಂದು ವಿಷಯ ಫೋನಿನಲ್ಲಿ ಹೇಳಿರಲಿಲ್ಲ. ನಮ್ಮ ಮನೆಯ ಹಳೆಯ ಕ್ರಯಪತ್ರವನ್ನು ಹೋದ ವರ್ಷ ತೆಗೆಸಿ ನೋಡಿದೆ. ನೂರು ವರ್ಷದ ಹಿಂದಿನ ಕಾಗದ. ಈ ನಿವೇಶನವನ್ನು ಕಪ್ಪು ಜನರಿಗೂ ಏಷ್ಯಾದವರಿಗೂ ಮಾರಕೂಡದು ಎಂದು ಅದರಲ್ಲಿ ಅಚ್ಚಾಗಿದೆ. ಈ ನಗರದಲ್ಲಿ ಇಂಥ ಎಂಟು ಸಾವಿರಕ್ಕೂ ಹೆಚ್ಚು ಕ್ರಯಪತ್ರಗಳನ್ನು ಇಲ್ಲಿನ ವಿಶ್ವವಿದ್ಯಾಲಯದವರು ಹುಡುಕಿ ನಕ್ಷೆ ಮಾಡಿದ್ದಾರೆ. 1948ರಲ್ಲಿ ಸುಪ್ರೀಂ ಕೋರ್ಟು ಆ ಷರತ್ತುಗಳಿಗೆ ಬಲವಿಲ್ಲ ಎಂದಿತು, 1968ರಲ್ಲಿ ದೇಶವಿಡೀ ನಿಷೇಧವಾಯಿತು. ಆದರೆ ಅಷ್ಟರಲ್ಲಿ ಯಾರು ಎಲ್ಲಿರಬೇಕು ಎಂಬುದು ನಿಗದಿಯಾಗಿಹೋಗಿತ್ತು. ಮನೆ ಕೊಳ್ಳುವಾಗ ನಾವು ಒಳ್ಳೆಯ ಶಾಲೆ, ಕಳ್ಳತನ ಕಡಿಮೆ ಇರುವ ಬೀದಿ ಎಂದು ನಕ್ಷೆ ನೋಡಿ ನೋಡಿ ಆರಿಸಿದೆವಲ್ಲ, ಆ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ಬಹಳ ಕಡೆ ಕೂಡುತ್ತವೆ. ಬಿಳಿಯರ ಬೀದಿಯಲ್ಲಿ ಕಪ್ಪು ಮನುಷ್ಯ ನಡೆದರೆ ಕಿಟಕಿಯವರಿಗೆ ಹೊಸಬನಾಗಿ ಕಾಣುವುದು ಹೀಗೆ. ಷರತ್ತನ್ನು ತಿರಸ್ಕರಿಸಿ ದಾಖಲೆ ಮಾಡಿಸಲು ಈ ರಾಜ್ಯದಲ್ಲಿ 2019ರಿಂದ ಅವಕಾಶವಿದೆ. ಅರ್ಜಿ ಹಾಕಿದ್ದೇನೆ. ಕಾಗದ ಸರಿಹೋಗುತ್ತದೆ, ಬೀದಿ ಇದ್ದಂತೆಯೇ ಇದೆ.

ಅಪ್ಪಯ್ಯ, ಇದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನಾನು ಆರನೆಯ ತರಗತಿಯಲ್ಲಿದ್ದಾಗ ಪ್ರವಾಸದ ಹಣ ಕಾಣೆಯಾಗಿತ್ತು. ನೀವು ಬಾಗಿಲು ಹಾಕಿಸಿ ಎಲ್ಲರ ಚೀಲ ನೋಡುತ್ತೇನೆ ಎಂದಿರಿ. ಮೊದಲು ಹೋದದ್ದು ಕೊನೆಯ ಬೆಂಚಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನ ಹತ್ತಿರ. ಹೆಸರು ಬರೆಯುವುದಿಲ್ಲ, ನಿಮಗೆ ನೆನಪಿದೆ. ನೀವು ಅಲ್ಲಿಗೆ ತಲುಪುವ ಮೊದಲೇ ಅವನು ಚೀಲ ಬಿಚ್ಚಿ, ಒಳಗಿನದ್ದನ್ನೆಲ್ಲ ಬೆಂಚಿನ ಮೇಲೆ ಸುರಿದು, ಎರಡೂ ಕೈ ಪಕ್ಕಕ್ಕೆ ಇಟ್ಟುಕೊಂಡು ನಿಂತಿದ್ದ. ಬೇರೆ ಯಾರೂ ಹಾಗೆ ಮಾಡಲಿಲ್ಲ, ಮಾಸ್ತರ ಮಗ ನಾನಂತೂ ಮಾಡಲಿಲ್ಲ. ಹಣ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಮರುದಿನ ನೀವು ಅವನಿಗೆ ಹೊಸ ಪೆನ್ನು ತಂದುಕೊಟ್ಟಿರಿ. ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಎದುರು ಮನೆಯ ಹುಡುಗ ಸ್ಟಿಯರಿಂಗ್ ಮೇಲೆ ಕೈ ಇಡುವುದನ್ನು ಅವನ ಅಪ್ಪ ಅಭಿನಯಿಸಿ ತೋರಿಸಿದಾಗ ನನಗೆ ಕಂಡದ್ದು ಆ ಬೆಂಚು.

ಇನ್ನು ವ್ಯವಸ್ಥೆಯ ವಿಷಯ. ನೀವು ತಿರುಗಾಟ ಬಿಡಬೇಕಾಗಿಲ್ಲ. ಎದುರು ಮನೆಯವರೂ ಬೆಳಿಗ್ಗೆ ನಾಯಿ ಹಿಡಿದುಕೊಂಡು ಹೊರಡುತ್ತಾರೆ, ನಾಯಿ ಜೊತೆಗಿದ್ದರೆ ಜನ ತನ್ನನ್ನು ನೋಡುವ ಬದಲು ನಾಯಿಯನ್ನು ನೋಡುತ್ತಾರೆ ಎಂದು ನಗುತ್ತಾರೆ. ನಿಮ್ಮನ್ನು ಜೊತೆಗೆ ಕರೆದೊಯ್ಯುವುದಾಗಿ ಹೇಳಿದ್ದಾರೆ. ಅವರಿಗೂ ಗಿಡದ ಹುಚ್ಚಿದೆ, ಹಿತ್ತಲಲ್ಲಿ ಬೆಂಡೆ ಬೆಳೆಯುತ್ತಾರೆ. ಭಾಷೆಯ ಚಿಂತೆ ಬೇಡ. ಆದರೆ ನೀವಿಬ್ಬರೂ ಒಟ್ಟಿಗೆ ಯಾರದಾದರೂ ಅಂಗಳದಲ್ಲಿ ಬಗ್ಗಿ ಎಲೆ ನೋಡುತ್ತಿದ್ದರೆ ಹೆಚ್ಚು ಅಪಾಯ ಅವರಿಗೇ, ಅದು ನೆನಪಿರಲಿ.

ಆಯಿ, ಅಪ್ಪೆಮಿಡಿಯನ್ನು ಎರಡು ಬಾಟಲಿ ತಾ, ಒಂದು ಅವರಿಗೆ. ಮುಚ್ಚಳಕ್ಕೆ ಟೇಪು ಸುತ್ತಿ ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಯಲ್ಲೇ ಹಾಕು. ತೊಡೆದೇವು ಪುಡಿಯಾದರೂ ಪರವಾಗಿಲ್ಲ, ಮಗಳು ಚಮಚದಲ್ಲಿ ತಿನ್ನುತ್ತಾಳೆ.

ಅಪ್ಪಯ್ಯ, ಮಂಕಿ ಕ್ಯಾಪ್ ತರಬೇಡಿ, ಇಲ್ಲಿ ಮುಖ ಕಾಣುವ ಬೇರೆ ಟೋಪಿ ಕೊಡಿಸುತ್ತೇನೆ. ಟಾರ್ಚನ್ನೂ ಊರಿನಲ್ಲೇ ಬಿಟ್ಟು ಬನ್ನಿ. ಇಲ್ಲಿ ಬೀದಿದೀಪ ಇದೆ.

ಇತಿ ನಿಮ್ಮ ಮಗ,
ವಿನಾಯಕ